ಬಾಲರಾಜುವಿನ ಚಿತ್ರವಿಲ್ಲದ ವೆಬ್‌ಸೈಟು

ಕುದೂರು ಬಸ್‌ಸ್ಟ್ಯಾಂಡಿನ ಹಿಂದೆ ಇಂಟರ್ನೆಟ್ ಅಂಗಡಿ ಇಟ್ಟಿದ್ದ ಬಾಲರಾಜುಗೆ ಲೋಕದಲ್ಲಿ ಎರಡೇ ಪಾಪ: ಒಂದು ಊರ ಆಸ್ತಿ ನುಂಗೋದು, ಇನ್ನೊಂದು ಬೇಗ ತೆರೆಯದ ವೆಬ್‌ಸೈಟು. ಎರಡಕ್ಕೂ ಮೂಲ ಒಂದೇ ಅಂತ ಅವನ ವಾದ. ಚಿಲ್ಲರೆ ಕೇಳೋಕೆ ಬಂದವರನ್ನೂ ಕೂರಿಸಿಕೊಂಡು, "ಲೀಡರುಗಳ ಫೋಟೊ ಕಣಣ್ಣೋ! ಮೊದ್ಲು ಅದು ಬರಬೇಕು, ಆಮೇಲೆ ಸುದ್ದಿ. ಅಷ್ಟೊತ್ತಿಗೆ ಕರೆಂಟೇ ಹೋಯ್ತದೆ, ಕಳ್ಳ ಬಚಾವು," ಅನ್ನುತ್ತಿದ್ದ. ಅದಕ್ಕೇ ಊರಿಗೆಂದು ತಾನು ಮಾಡಿದ ವೆಬ್‌ಸೈಟಿನಲ್ಲಿ ಒಂದು ಚಿತ್ರವನ್ನೂ ಹಾಕಿರಲಿಲ್ಲ. ಗಣೇಶನ ಪಟ ಹಾಕಪ್ಪ ಅಂದರೆ, "ದೇವರು ಬಲು ಭಾರ," ಅಂದುಬಿಟ್ಟಿದ್ದ. ಫ್ಯಾಕ್ಟರಿ ಬರುವ ಸುಳಿವು ಹಿಡಿದು ಗೋಮಾಳವನ್ನು ಸ್ವಂತಕ್ಕೆ ಬರೆಸಿಕೊಂಡವರ ಸುದ್ದಿ ಹಾಕಿದಾಗ, ಅದರಲ್ಲಿ ಮೊದಲ ಹೆಸರು ಲೀಡರಾಗಿ ಮೆರೆಯುತ್ತಿದ್ದ ಅವನ ಸೋದರಮಾವ ಹನುಮಂತಯ್ಯನದೇ. ಮಾವ ಅಂಗಡಿಗೇ ನುಗ್ಗಿದ. "ಅದನ್ನ ಅಳಿಸ್ತೀಯೋ, ಇಲ್ಲಾ ನನ್ನ ಮಗಳು ಲತಾಮಣೀನ ಬೇರೆ ಕಡೆ ಕೊಡ್ಲೋ? ಹೇಳ್ಲಾ!" ತೊಟ್ಟಿಲಲ್ಲೇ ಅವನಿಗೆಂದು ಮಾತಾಗಿದ್ದ ಹುಡುಗಿ ಅವಳು, ಅವನಿಗೂ ಅವಳೆಂದರೆ ಪ್ರಾಣ. ಬಾಲರಾಜು ಕಣ್ಣೊರೆಸಿಕೊಂಡು, ಮಾವನಿಗೊಂದು ಸ್ಟೂಲು ಎಳೆದು, ಆ ಸುದ್ದಿಯನ್ನೇ ತೆರೆದು ತೋರಿಸಿದ. "ನೋಡು ಮಾವ, ನೀನು ಕೂರೋದರೊಳಗೆ ಬಂದ್ಬುಡ್ತು."