ಬಿಸಿಲಲ್ಲಿ ತಣ್ಣಗಿದ್ದ ಬಾಟಲಿ

ಗೋಕಾಕದಲ್ಲಿ ಪತ್ರಿಕಾ ವರದಿಗಾರನಾಗಿದ್ದ ವರ್ಷಗಳಲ್ಲಿ, ದೆವ್ವ ಕಂಡೆ, ಕನಸಿನಲ್ಲಿ ಸೂಚನೆ ಬಂತು ಎಂದು ಸುದ್ದಿ ತರುವವರಿಗೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ಕಂಡವರು ಯಾರು, ಎಷ್ಟು ಹೊತ್ತಿಗೆ, ಜೊತೆಗೆ ಬೇರೆ ಯಾರಿದ್ದರು. ಮೂರನೆಯ ಪ್ರಶ್ನೆಯ ಹೊತ್ತಿಗೆ ಬಂದವರು ಚಹಾ ಮುಗಿಸಿ ಎದ್ದು ಹೋಗುತ್ತಿದ್ದರು. ಅಂಥ ಒಂದು ಸುದ್ದಿಯನ್ನೂ ನಾನು ಅಚ್ಚಿಗೆ ಕಳಿಸಲಿಲ್ಲ. ಈಗ ಹೇಳಲಿರುವ ಘಟನೆಯಲ್ಲಿ ಕಂಡವನು ನಾನೇ, ಹೊತ್ತು ಮುಂಜಾನೆ ಹನ್ನೊಂದು ದಾಟಿತ್ತು, ಜೊತೆಗೆ ಹತ್ತಾರು ಹೆಂಗಸರಿದ್ದರು. ಆದರೂ ಅದನ್ನು ನಂಬಿ ಎಂದು ನಿಮಗೆ ಹೇಳಲು ನನಗೆ ಧೈರ್ಯವಿಲ್ಲ.

ಪತ್ರಿಕೆ ಬಿಟ್ಟ ಮೇಲೆ ನಾನು ಕೆಲವು ವರ್ಷ ಔಷಧಿ ಸಂಶೋಧನೆಯ ತಂಡವೊಂದರಲ್ಲಿ ಕೆಲಸ ಮಾಡಿದೆ. ಕೀಲುನೋವಿನ ಹೊಸ ಗುಳಿಗೆಯೊಂದು ಎಷ್ಟು ಸುರಕ್ಷಿತ ಎಂಬುದನ್ನು ಆ ತಂಡ ನೋಡುತ್ತಿತ್ತು. ಒಪ್ಪಿ ಸಹಿ ಮಾಡಿದ ರೋಗಿಗಳಲ್ಲಿ ಕೆಲವರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಅದರಂತೆಯೇ ಕಾಣುವ, ಒಳಗೆ ಔಷಧಿ ಇಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ನನಗಂತೂ ಇಲ್ಲವೇ ಇಲ್ಲ. ಬಾಟಲಿಯ ಮೇಲೆ ಇರುತ್ತಿದ್ದದ್ದು ಸಂಖ್ಯೆ ಮಾತ್ರ. ಹದಿನೈದು ದಿನಕ್ಕೊಮ್ಮೆ ಕಲ್ಲೋಳಿಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ನಾನೂ ಒಬ್ಬ ನರ್ಸೂ ಕೂರುತ್ತಿದ್ದೆವು. ರೋಗಿಗಳು ಹಳೆಯ ಬಾಟಲಿ ತಂದುಕೊಟ್ಟು ಹೊಸದನ್ನು ಒಯ್ಯಬೇಕು. ಉಳಿದ ಗುಳಿಗೆ ಎಣಿಸಿ, ಏನಾದರೂ ತೊಂದರೆಯಾಗಿದೆಯೇ ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು ನನ್ನ ಕೆಲಸ. ವರದಿಗಾರನಿಗೆ ಒಗ್ಗುವ ಕೆಲಸವೇ.

ಮೊದಲ ಸಲವೇ ಒಂದು ಪದ್ಧತಿ ತಾನಾಗಿ ಶುರುವಾಯಿತು. ನಳದ ಮುಂದೆ ಕೊಡ ಸಾಲಿಗಿಟ್ಟು ಹೆಂಗಸರು ನೆರಳಿಗೆ ಹೋಗಿ ಕೂರುತ್ತಾರಲ್ಲ, ಇಲ್ಲಿಯೂ ಕೋಣೆಯ ಹೊರಗಿನ ಕಟ್ಟೆಯ ಮೇಲೆ ತಮ್ಮ ತಮ್ಮ ಔಷಧಿ ಬಾಟಲಿಯನ್ನು ಪಾಳಿಗಿಟ್ಟು ಎದುರಿನ ಬೇವಿನ ಮರದ ಕೆಳಗೆ ಹರಟೆಗೆ ಕೂತರು. ಔಷಧಿ ಬಿಸಿಲಿಗೆ ಇಡಬಾರದು ಎಂದು ನಾನು ಆಕ್ಷೇಪಿಸಿದೆ. ಬಾಳವ್ವ ಎಂಬಾಕೆ ಅಲ್ಲಿಂದಲೇ ಉತ್ತರ ಕೊಟ್ಟಳು.

“ತಿಂದ ಉಳದಿದ್ದಲ್ಲೇನ್ರಿ ಸಾಹೇಬ್ರ, ನಿಮಗ ತಿರುಗಿ ಕೊಡೂದು? ಇನ್ನ ಅದಕ್ಕ ಬಿಸಲ ಬಡದ್ರೇನು, ಮಳಿ ಹೊಡದ್ರೇನು?”

ಮಾತು ಸರಿಯಾಗಿತ್ತು. ಬಾಳವ್ವ ಅರವತ್ತು ದಾಟಿದ ಹೆಂಗಸು. ಬಹಳ ವರ್ಷ ಮೂಡಲಗಿ ಸಂತೆಯಲ್ಲಿ ಮೊಸರು ಮಾರಿದವಳು. ಕಟ್ಟೆಯ ಸಾಲಿನ ಯಜಮಾನಿಕೆಯನ್ನು ಅವಳೇ ವಹಿಸಿಕೊಂಡಿದ್ದಳು. ನಡುವೆ ಯಾರಾದರೂ ಬಾಟಲಿ ತೂರಿಸಿದರೆ ಎತ್ತಿ ಕೊನೆಗಿಡುತ್ತಿದ್ದಳು.

ನಾನು ಹೇಳಹೊರಟ ದಿನ ಬೇಸಿಗೆಯ ಕಡು ಬಿಸಿಲು. ಕಟ್ಟೆಯ ಕಲ್ಲು ಕಾದು ಹಂಚಾಗಿತ್ತು. ಬಾಳವ್ವ ಸಾಲು ಸರಿಮಾಡುತ್ತಿದ್ದವಳು ಒಂದು ಬಾಟಲಿಯನ್ನು ಎತ್ತಿ, ಮತ್ತೆ ಇಟ್ಟು, ಮತ್ತೆ ಎತ್ತಿದಳು. ಆಮೇಲೆ ಅದನ್ನು ಹಿಡಿದು ಒಳಗೆ ಬಂದಳು.

“ಇದು ಯಾರದ ನೋಡ್ರಿ. ಮೊದಲ ಆಕಿನ್ನ ಕರೀರಿ.”

“ಯಾಕ, ನಿನ್ನ ಬೀಗತಿದೇನ?” ಎಂದಳು ನರ್ಸ್.

“ಚ್ಯಾಷ್ಟಿ ಸಾಕ್ರೀ ಬಾಯಾರ. ಇದು ತಣ್ಣಗೈತಿ. ಉಳದಾವು ಸುಡಾಕತ್ತಾವು, ಇದು ನೀರಿನ ಹರವಿಯಾಗಿಂದ ತಗದಂಗೈತಿ. ನನಗ ಸರಿ ಕಾಣವಲ್ದು.”

ನಾನು ಬಾಟಲಿಯನ್ನು ಕೈಗೆ ತೆಗೆದುಕೊಂಡೆ. ತಣ್ಣಗಿತ್ತು. ನೆರಳಿನಲ್ಲಿಟ್ಟ ವಸ್ತುವಿನ ತಂಪಲ್ಲ, ಬೆರಳ ಸಂದಿಗೆ ಇಳಿಯುವಂಥ ತಂಪು. ಹೊರಗೆ ಹೋಗಿ ಸಾಲಿನ ಬೇರೆ ಎರಡು ಬಾಟಲಿ ಮುಟ್ಟಿದೆ. ಹಿಡಿಯಲಾಗದಷ್ಟು ಕಾದಿದ್ದವು. ಹೊಸ ಔಷಧಿಯ ಪೆಟ್ಟಿಗೆಯಲ್ಲಿ ಉಷ್ಣತೆ ಅಳೆಯುವ ಸಣ್ಣ ಯಂತ್ರವೊಂದಿತ್ತು. ಅದರ ತುದಿಯನ್ನು ತಣ್ಣನೆಯ ಬಾಟಲಿಯ ಗುಳಿಗೆಗಳ ನಡುವೆ ಇಟ್ಟೆ, ಆಮೇಲೆ ಪಕ್ಕದ್ದರಲ್ಲಿಟ್ಟೆ. ಎರಡರಲ್ಲೂ ಒಂದೇ ಅಂಕಿ ಬಂತು. ಯಂತ್ರ ಕೆಟ್ಟಿರಬಹುದು ಎಂದು ನನ್ನ ಕಂಕುಳಲ್ಲಿ ಇಟ್ಟು ನೋಡಿದೆ. ಕೆಟ್ಟಿರಲಿಲ್ಲ. ಮತ್ತೆ ಬಾಟಲಿ ಮುಟ್ಟಿದೆ. ತಣ್ಣಗೇ ಇತ್ತು.

ಬಾಳವ್ವ ನನ್ನ ಮುಖ ನೋಡುತ್ತ, “ಯಂತ್ರ ಏನಂತೈತಿ?” ಎಂದಳು. ಎಲ್ಲವೂ ಒಂದೇ ಎನ್ನುತ್ತದೆ ಎಂದೆ. “ಹಂಗಾರ ಅದರ ಚರ್ಮ ನನ್ನ ಚರ್ಮಕ್ಕಿಂತ ದಪ್ಪ ಐತಿ ಬಿಡ್ರಿ,” ಎಂದು ಹೊರಗೆ ಹೋದಳು.

ಸಂಖ್ಯೆ ನೋಡಿದಾಗ ಬಾಟಲಿ ಮಹಾದೇವಿಯದು ಎಂದು ತಿಳಿಯಿತು. ಮೂವತ್ತೈದರ ಆಸುಪಾಸಿನ ಹೆಂಗಸು, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಬಾಟಲಿ ಪಾಳಿಗಿಟ್ಟು ಮನೆಗೆ ಹೋಗಿದ್ದಳು. ಕರೆಕಳಿಸಿದಾಗ ಹೊಸ ಸೀರೆ ಉಟ್ಟು, ಚೀಲ ಹಿಡಿದೇ ಬಂದಳು. ಹುಕ್ಕೇರಿಯ ತವರಿನಲ್ಲಿ ತಮ್ಮನ ಮಗುವಿನ ತೊಟ್ಟಿಲು. ಹದಿನೈದು ದಿನ ಅಲ್ಲಿಯೇ ಇರುವವಳಿದ್ದಳು. ಬಾಟಲಿ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ.

“ಒಲಿ ಬಾಜೂ ಗೂಡಿನ್ಯಾಗ್ರಿ. ಯಾಕ್ರಿ, ತಪ್ಪಾತೇನ್ರಿ?”

ತಪ್ಪಿಲ್ಲ ಎಂದು ಹೇಳಿ ಪಟ್ಟಿಯ ಪ್ರಶ್ನೆಗಳನ್ನು ಕೇಳಿದೆ. ಹೊಟ್ಟೆನೋವು? ಇಲ್ಲ. ವಾಂತಿ? ಇಲ್ಲ. ಊಟ ಸೇರುತ್ತದೆಯೇ? ಸೇರುತ್ತದೆ. ಸುಸ್ತು?

“ಇಲ್ರಿ. ನನಗೇನ ಆಗೇತ್ರಿ, ಗಟ್ಟಿ ಅದೇನಿ. ಲಗೂ ಬಿಡ್ರಿ, ಬಸ್ ತಪ್ಪತೈತಿ.”

ಅವಳ ಕಣ್ಣು ನೋಡಿದೆ, ಉಗುರು ನೋಡಿದೆ. ಕಾಮಾಲೆಯ ಹಳದಿ ಇರಲಿಲ್ಲ. ನಿಯಮದ ಪ್ರಕಾರ ಅವಳ ರಕ್ತ ಪರೀಕ್ಷೆ ಇದ್ದದ್ದು ಮುಂದಿನ ಸರದಿಗೆ. ನಡುವೆ ರಕ್ತ ತೆಗೆಯಬೇಕಾದರೆ ಪಟ್ಟಿಯಲ್ಲಿ ಒಂದಾದರೂ ದೂರು ಇರಬೇಕು. ಬಾಟಲಿ ತಣ್ಣಗಿತ್ತು ಎಂದು ಬರೆಯೋಣವೆಂದರೆ, ಇಲ್ಲ ಎಂದು ಯಂತ್ರ ಸಾಕ್ಷಿ ಹೇಳುತ್ತಿತ್ತು.

ಸುಸ್ತು ಎಂಬುದರ ಮುಂದೆ ನಾನು “ಹೌದು” ಎಂದು ಬರೆದೆ.

ಕೇಳದ ಮಾತನ್ನು ಕೇಳಿದೆನೆಂದು ಬರೆದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಔಷಧಿ ಪರೀಕ್ಷೆಯಲ್ಲಿ ಅದು ಸಣ್ಣ ತಪ್ಪಲ್ಲ. ಅಂಥ ಸುಳ್ಳುಗಳು ಸೇರಿದರೆ ಒಳ್ಳೆಯ ಔಷಧಿ ಕೆಟ್ಟದ್ದೆನಿಸುತ್ತದೆ, ಕೆಟ್ಟದ್ದು ಅಂಗಡಿಗೆ ಬರುತ್ತದೆ. ಇದನ್ನು ಹೊಸಬರಿಗೆ ಕಲಿಸುತ್ತಿದ್ದವನು ನಾನೇ. ನರ್ಸ್ ರಕ್ತ ತೆಗೆದಳು. ಮಹಾದೇವಿ ಗೊಣಗುತ್ತಲೇ ತೋಳು ಒತ್ತಿಹಿಡಿದು ಬಸ್ಸಿಗೆ ಓಡಿದಳು. ಅವಳು ಹೋದ ಮೇಲೆ ಬಾಟಲಿ ಮುಟ್ಟಿ ನೋಡಿದೆ. ಉಳಿದವುಗಳಂತೆಯೇ ಬೆಚ್ಚಗಿತ್ತು.

ಮರುದಿನ ಗೋಕಾಕದಿಂದ ನಮ್ಮ ಡಾಕ್ಟರು ಫೋನ್ ಮಾಡಿದರು. ಶಾಂತವಾಗಿ ಮಾತಾಡುವ ಹೆಣ್ಣುಮಗಳು ಅವರು. ಅಂದು ದನಿ ಏರಿತ್ತು. “ಆಕಿ ಎಲ್ಲಿದ್ದಾಳ್ರಿ? ಲಿವರ್ ಪೂರಾ ಹದಗೆಟ್ಟೈತಿ. ಗುಳಿಗಿ ಬಂದ್ ಮಾಡ್ಸ್ರಿ, ಈಗಿಂದೀಗ ಕರಕೊಂಡ ಬರ್ರಿ.” ಮಹಾದೇವಿಯ ಫೋನ್ ಬಂದ್ ಆಗಿತ್ತು. ಸಂಕೇಶ್ವರದ ಕಡೆ ಹೊರಟಿದ್ದ ಪರಿಚಯದವರ ಕಾರಿನಲ್ಲಿ ಹುಕ್ಕೇರಿಗೆ ಹೋದೆ. ಹುಡುಕಿಕೊಂಡು ಮನೆ ಮುಟ್ಟಿದಾಗ ತೊಟ್ಟಿಲಿನ ಅಲಂಕಾರ ನಡೆದಿತ್ತು. ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಮುಂಜಾನೆಯಿಂದ ವಾಂತಿಯಂತೆ. ಕಣ್ಣಿಗೆ ಆಗ ಹಳದಿ ಬಂದಿತ್ತು.

ಆಸ್ಪತ್ರೆಯಲ್ಲಿ ಅವಳು ಬಹಳ ದಿನ ಇದ್ದಳು. ಬದುಕುವ ಖಾತರಿ ಇಲ್ಲದ ದಿನಗಳೂ ಬಂದುಹೋದವು. ಕೊನೆಗೆ ನಡೆದುಕೊಂಡೇ ಮನೆಗೆ ಹೋದಳು. ಎರಡು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದರು. ಸುಸ್ತನ್ನು ಬಾಯಿಬಿಡಿಸಿ ಕೇಳಿದ್ದಕ್ಕೆ ಎಲ್ಲರೆದುರು ನನ್ನನ್ನು ಹೊಗಳಿದರು. ಪಟ್ಟಿಯಲ್ಲಿ ಬರೆದದ್ದನ್ನು ನಾನು ತಿದ್ದಲಿಲ್ಲ.

ಹೊಸ ಗುಳಿಗೆಯೇ ಕಾರಣ ಎಂದು ನಾವೆಲ್ಲ ತಿಳಿದಿದ್ದೆವು. ನನಗೂ ಅದರಿಂದ ಒಂದು ಸಮಾಧಾನವಿತ್ತು. ಬಾಟಲಿಯೊಳಗೆ ಏನೋ ಇತ್ತು, ಅದನ್ನು ಹೇಗೋ ಎರಡು ಕೈಗಳು ಗುರುತಿಸಿದವು ಎಂದುಕೊಂಡಿದ್ದೆ. ಸಂಶೋಧನೆ ಮುಗಿದು ಸಂಖ್ಯೆಗಳ ಗುಟ್ಟು ತೆರೆದ ದಿನ ಆ ಸಮಾಧಾನವೂ ಹೋಯಿತು. ಮಹಾದೇವಿಯ ಬಾಟಲಿಯಲ್ಲಿ ಇದ್ದದ್ದು ಹುಸಿ ಗುಳಿಗೆ. ಬಾಟಲಿಗಳು ಅದಲುಬದಲಾಗಿವೆಯೇ ಎಂದು ಉಳಿದ ಗುಳಿಗೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಆಗಿರಲಿಲ್ಲ. ಕಾಮಾಲೆ ತರುವ ಸೋಂಕುಗಳ ಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಬೇರೆ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಆಕೆ ತೆಗೆದುಕೊಂಡಿಲ್ಲ ಎಂದು ಮನೆಯವರು ಹೇಳಿದ್ದರು. ಕಡತದಲ್ಲಿ ಡಾಕ್ಟರು “ಕಾರಣ ತಿಳಿದಿಲ್ಲ” ಎಂದು ಬರೆದರು.

ಬಾಳವ್ವನನ್ನು ಕೇಳಿದೆ. “ನನಗೇನ ಗೊತ್ತಾಗತೈತ್ರಿ? ತಣ್ಣಗಿತ್ತು, ಹೇಳಿದ್ನಿ. ನೀವೂ ಮುಟ್ಟಿದ್ರೆಲ್ಲ, ನನ್ನ ಯಾಕ ಕೇಳತೀರಿ?” ಎಂದಳು. ಅಂದು ಬಾಟಲಿ ಮುಟ್ಟದ ನರ್ಸ್, ನಮ್ಮಿಬ್ಬರಿಗೂ ಬಿಸಿಲು ತಲೆಗೇರಿತ್ತು ಎನ್ನುತ್ತಾಳೆ. ಇರಬಹುದು. ಆದರೆ ಬಿಸಿಲು ತಲೆಗೇರಿದ ಇಬ್ಬರೂ ಅಷ್ಟು ಬಾಟಲಿಗಳಲ್ಲಿ ಅದೊಂದನ್ನೇ ಯಾಕೆ ತಣ್ಣಗಿದೆ ಎಂದರು?

ಫಲಿತಾಂಶ ತಿಳಿಸಲು ಕರೆದ ಕೊನೆಯ ಭೇಟಿಗೆ ಮಹಾದೇವಿ ತನ್ನ ಕಾಗದಗಳ ಪ್ರತಿ ತೆಗೆದುಕೊಂಡು ಬಂದಳು. ಮಗಳು ಓದಿ ಹೇಳಿದ್ದಳಂತೆ. ನರ್ಸ್ ಹೊರಗೆ ಹೋಗುವವರೆಗೆ ಕಾದು, ಬೆರಳಿಟ್ಟು ತೋರಿಸಿದಳು.

“ನಾ ಅವತ್ತ ಇಲ್ಲ ಅಂದಿದ್ನೆಲ್ರಿ. ನೀವು ಹೌದಂತ ಯಾಕ ಬರದ್ರಿ?”

ಗುಳಿಗೆಯ ಮೇಲೆ ಸಂಶಯ ಬಂತು ಎನ್ನಬಹುದಿತ್ತು. ಆದರೆ ಗುಳಿಗೆಯಲ್ಲಿ ಏನೂ ಇರಲಿಲ್ಲವೆಂಬುದು ಅವಳಿಗೂ ಗೊತ್ತಾಗಿತ್ತು. ನನಗೇ ತಿಳಿಯದು ಎಂದೆ. ತಪ್ಪು ಬರೆದದ್ದು ನಿಜ, ನೀವು ದೂರು ಕೊಡಬಹುದು, ಇಲ್ಲವೇ ನಾನೇ ಒಪ್ಪಿಕೊಂಡು ತಿದ್ದಿಸುತ್ತೇನೆ ಎಂದೂ ಹೇಳಿದೆ.

ಅವಳು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

“ತಿದ್ದಬ್ಯಾಡ್ರಿ,” ಎಂದಳು. “ಅವತ್ತ ನೀವು ಖರೆ ಬರಕೊಂಡಿದ್ರ ನಾ ಇರ್ತಿದ್ದಿಲ್ಲ.”