ಮೂರು ಸಲ ಥೂ

ಬ್ರಿಸ್ಬೇನಿನ ಟೂವಾಂಗಿನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಯಹೂದಿ ಅಂಕಲ್ ಜೀವನವಿಡೀ ರೆಸಾರ್ಟುಗಳಲ್ಲಿ ಜನರನ್ನು ನಗಿಸಿದವರು. ಅಡಿಲೇಡಿನಲ್ಲಿ ತಮ್ಮಪ್ಪನ ಟೈಲರ್ ಅಂಗಡಿಗೆ ಬರುವ ಗಿರಾಕಿಗಳನ್ನು ಅಣಕಿಸುತ್ತ ಶುರುಮಾಡಿ, ಪರ್ತಿನ ಕಡಲತೀರದ ಹೋಟೆಲುಗಳಲ್ಲಿ ಊಟಕ್ಕೆ ಕೂತವರ ಮುಂದೆ ಮೈಕು ಹಿಡಿದು, ಕೊನೆಗೆ ಇಲ್ಲಿಗೆ ಬಂದಿದ್ದರು. ಅಪ್ಪನ ಗಿರಾಕಿಗಳನ್ನೇ ಬಿಡದವರು ನಮ್ಮನ್ನು ಬಿಡುತ್ತಾರೆಯೇ? ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಮ್ಮ ಮಗುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುಟ್ಟು, ಹೊಗೆಗೆ ಮನೆಯ ಅಲಾರಂ ಹೊಡೆದುಕೊಂಡ ದಿನ, ಅವರು ಮೆಟ್ಟಿಲಲ್ಲಿ ನಿಂತು ಎಲ್ಲವನ್ನೂ ಕೆದಕಿ ಕೆದಕಿ ಕೇಳಿದರು. ಆ ಕುತೂಹಲ ನನಗೆ ಹಿಡಿಸಲಿಲ್ಲ.

ಮರುವಾರ ಮಗು ನೋಡಲು ಬಂದರು. ತೊಟ್ಟಿಲಿಗೆ ಬಗ್ಗಿ, ಎಂಥ ಕುರೂಪಿ ಕೂಸು ಎಂದು ಇಂಗ್ಲಿಷಿನಲ್ಲಿ ಹೇಳಿ, ಥೂ ಥೂ ಥೂ ಎಂದು ಉಗಿದ ಹಾಗೆ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಮಾತ್ರ ನಗುತ್ತ ಕಾಫಿ ಕೊಟ್ಟಳು.

"ಕುರೂಪಿ ಅಂದ್ರಮ್ಮ, ನಿನ್ ಮೊಮ್ಮಗಳನ್ನ," ಎಂದೆ ಅವರು ಹೋದ ಮೇಲೆ.

"ಅನ್ಲಿ ಬಿಡೇ. ದೃಷ್ಟಿ ಆಗ್ಬಾರ್ದು ಅಂತ ಅಂದಿದ್ದಾರೆ. ನಮ್ಮಜ್ಜೀನೂ ಹಂಗೇ ಅಂತಿದ್ರು."

ಇವಳಿಗೆ ಬೆಳ್ಳಗಿರುವುದೆಲ್ಲ ಹಾಲು, ಎಂದುಕೊಂಡೆ.

ಅಮ್ಮ ಊರಿಗೆ ಹೊರಡುವ ಮುಂಚೆ ಅವರು ತಮ್ಮ ಕೊನೆಯ ಶೋಗೆ ನಮ್ಮನ್ನು ಕರೆದರು. ಅಮ್ಮನನ್ನು ಆಡಿಕೊಂಡರೆ ಅಲ್ಲೇ ಎದ್ದು ಕೇಳಬೇಕೆಂದು, ಮಗುವನ್ನು ಗಂಡನ ಕೈಗೆ ಕೊಟ್ಟು ಹೋದೆ. ಕಡಲ ಪಕ್ಕದ ರೆಸಾರ್ಟು, ಮಧ್ಯಾಹ್ನದ ಊಟ. ಅರ್ಧಕ್ಕೆ ಬಂತು ನೋಡಿ, ಮೇಲ್ಮನೆಯ ಅಜ್ಜಿ, ಕೈಯಾಡಿಸಿ ನಿವಾಳಿಸುವ ಮೆಣಸಿನಕಾಯಿ, ಅಲಾರಂ. ಜನ ಬಿದ್ದು ಬಿದ್ದು ನಕ್ಕರು. ನಾನು ಏಳುತ್ತಿದ್ದಂತೆ ಅಮ್ಮ ಕೈ ಹಿಡಿದೆಳೆದಳು.

"ಕೂತ್ಕೊಳೇ. ನನ್ ವಿಷ್ಯ ತಾನೆ? ನಗ್ಲಿ."

ಮುಗಿದಾಗ ಎಲ್ಲರೂ ಅವರನ್ನು ಸುತ್ತುವರಿದರು. ಹೊಗಳಿದ್ದೇ ಹೊಗಳಿದ್ದು. ಅಮ್ಮನ ಮುಖದಲ್ಲಿ ಗಾಬರಿ. ಗುಂಪಿನೊಳಗೆ ನುಗ್ಗಿ ಅವರೆದುರು ನಿಂತು, "ಏನೇನೂ ಚೆನ್ನಾಗಿರ್ಲಿಲ್ಲ," ಎಂದು ಕನ್ನಡದಲ್ಲೇ ಹೇಳಿ, ಥೂ ಥೂ ಥೂ ಎಂದಳು.

ಹೊಗಳುತ್ತಿದ್ದವರು ಹಿಂದೆ ಸರಿದರು. ಅಂಕಲ್ ತಲೆ ತಗ್ಗಿಸಿ ನಿಂತರು. ನಾಟಕವೋ ಏನೋ ಎಂದು ನನಗೆ ಆಗಲೂ ಅನುಮಾನ. ಮುಖ ಎತ್ತಿದಾಗ ಕಣ್ಣು ತುಂಬಿತ್ತು.

"ನಮ್ಮಮ್ಮ ಹೋದ ಮೇಲೆ ನನಗೆ ಯಾರೂ ಹೀಗೆ ಉಗಿದಿರಲಿಲ್ಲ," ಎಂದರು.

ಏನಂದರೆಂದು ಅಮ್ಮ ನನ್ನನ್ನು ಕೇಳಿದಳು. ಮೊದಲು ಅವರಿಗೊಂದು ಕುರ್ಚಿ ಎಳೆದುಕೊಟ್ಟು, ಆಮೇಲೆ ಹೇಳಿದೆ.