ಊರಿಗೊಂದು ಪ್ರೊಫೈಲ್

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಹಗರಿಬೊಮ್ಮನಹಳ್ಳಿಯಲ್ಲಿ ಮೋಟಾರು ವೈಂಡಿಂಗ್ ಕಲಿತು, ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಲೇ ಮನೆ ಕಟ್ಟಿಸಿದೆ. ಆಮೇಲೆ, ಎರಡು ಸಾವಿರದ ಐದರ ಆಸುಪಾಸಿನಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾಲ್ಕು ಕಂಪ್ಯೂಟರು ಇಟ್ಟು ಇಂಟರ್‌ನೆಟ್ ಅಂಗಡಿ ತೆರೆದೆ. ವೈಂಡಿಂಗ್ ಕೆಲಸವನ್ನೂ ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ ಮೋಟಾರು, ಮುಂದಿನ ಕೋಣೆಯಲ್ಲಿ ಇಮೇಲು. ಇದನ್ನು ಹೇಳುವಾಗ ಇವತ್ತಿಗೂ ನನ್ನ ಎದೆ ಒಂದಿಷ್ಟು ಉಬ್ಬುತ್ತದೆ. ಉಬ್ಬಲಿ ಬಿಡಿ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯಿಂದಲೂ ನನ್ನ ಅಂಗಡಿಗೆ ಜನ ಬರುತ್ತಿದ್ದರು. ಅಲ್ಲಿ ಬೇರೆ ಅಂಗಡಿಗಳು ಇರಲಿಲ್ಲವೆಂದಲ್ಲ. ನನ್ನಲ್ಲಿ ಒಂದು ವ್ಯವಸ್ಥೆ ಇತ್ತು, ಅದಕ್ಕೆ ಬರುತ್ತಿದ್ದರು. ಆಗ ಯಾರಿಗೂ ಪಾಸ್‌ವರ್ಡು ನೆನಪಿರುತ್ತಿರಲಿಲ್ಲ. ಇಮೇಲು ಮಾಡಿಸಿಕೊಂಡು ಹೋದವರು ತಿಂಗಳು ಬಿಟ್ಟು ಬಂದು, "ಅದೇನೋ ಕೊಟ್ಟಿದ್ದಿರಲ್ರಿ, ಅದು" ಎನ್ನುತ್ತಿದ್ದರು. ಕೆಂಪು ನರಿಯ ಚಿತ್ರದ ಒಂದು ಬ್ರೌಸರ್‌ನಲ್ಲಿ ಬೇರೆಬೇರೆ ಪ್ರೊಫೈಲ್ ಮಾಡಬಹುದು ಎಂದು ಕಂಪ್ಯೂಟರು ಮಾರಿದವನು ಒಮ್ಮೆ ತೋರಿಸಿದ್ದ. ಒಂದೊಂದು ಪ್ರೊಫೈಲೂ ಒಂದೊಂದು ಕಪಾಟು ಇದ್ದ ಹಾಗೆ. ಒಂದರಲ್ಲಿ ಇಟ್ಟ ವಿಳಾಸ, ಪಾಸ್‌ವರ್ಡು ಇನ್ನೊಂದಕ್ಕೆ ಕಾಣುವುದಿಲ್ಲ. ನಾನು ಊರಿಗೊಂದು ಪ್ರೊಫೈಲ್ ಮಾಡಿದೆ. ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲಿ ಬ್ರೌಸರ್ ಒತ್ತಿದರೆ ಮೊದಲು ಊರುಗಳ ಪಟ್ಟಿ ಬರುತ್ತಿತ್ತು: ಹಂಪಸಾಗರ, ಹಿರೇಹಡಗಲಿ, ಮೈಲಾರ, ಹೀಗೆ. ಬಂದವರ ಊರು ಕೇಳಿ ಒತ್ತುವುದು, ಹೆಸರಿನ ಮೊದಲ ಅಕ್ಷರ ಹೊಡೆಯುವುದು, ಪಾಸ್‌ವರ್ಡು ತಾನೇ ತುಂಬಿಕೊಳ್ಳುವುದು. ಪಾಸ್‌ವರ್ಡುಗಳನ್ನು ನಾನೇ ಅಕ್ಷರ, ಅಂಕಿ ಕಲಸಿ ಮಾಡುತ್ತಿದ್ದೆ. ಕಳ್ಳನ ಅಪ್ಪನಿಗೂ ಗೊತ್ತಾಗಬಾರದು ಹಾಗೆ. ನನಗೂ ಗೊತ್ತಿರುತ್ತಿರಲಿಲ್ಲ. ಕಂಪ್ಯೂಟರಿಗೆ ಗೊತ್ತಿದ್ದರೆ ಸಾಕಿತ್ತು.

ಒಂದು ವರ್ಷ ಮಹಾನವಮಿಯ ಆಯುಧಪೂಜೆಗೆ ಅಂಗಡಿ ತೊಳೆದು, ಮಾನಿಟರುಗಳಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಸರ ಹಾಕಿದ್ದೆವು. ಬನ್ನಿ ಮುಡಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹಂಪಸಾಗರದಿಂದ ತಂದೆ ಮಗಳು ಬಂದು ನಿಂತಿದ್ದರು. ತಂದೆ ಪಂಚಾಯಿತಿಯ ನೀರುಗಂಟಿ, ಊರಿನ ನಲ್ಲಿಗಳಿಗೆ ನೀರು ಬಿಡುವವರು. ಮಗಳು ನರ್ಸಿಂಗ್ ಓದಿ ಮುಗಿಸಿದ್ದಳು. ಆಕೆಯ ಇಮೇಲು ಮಾಡಿಕೊಟ್ಟವನೂ ನಾನೇ, ಅದರಿಂದ ಕೆಲಸಕ್ಕೆ ಅರ್ಜಿ ಕಳಿಸಿದವನೂ ನಾನೇ.

ನೀರುಗಂಟಿ ಯಜಮಾನರು ನನ್ನ ಕೈಗೆ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರೋಣು ತಮ್ಮಾ. ಲಗೂನ ಮೇಲ್ ತೆಗಿ. ನಾಳೆ ದಾವಣಗೆರಿಯಾಗ ಇಂಟರ್‌ವ್ಯೂ ಐತಂತ" ಎಂದರು.

"ನಮ್ಮ ಗೆಳತಿಗೆ ಬಂದೈತ್ರಿ ಅಣ್ಣಾರ. ನಂದೂ ಬಂದಿರತೈತಿ" ಎಂದಳು ಮಗಳು. "ಆ ಪತ್ರ ಪ್ರಿಂಟ್ ತಗೊಂಡು ಹೋಗಬೇಕಂತ. ಅದರಾಗ ನಂಬರ್ ಇರತೈತಂತ. ಇಲ್ಲಂದ್ರ ಒಳಗ ಬಿಡಂಗಿಲ್ಲಂತ್ರಿ. ಆಸ್ಪತ್ರಿ ಆಫೀಸಿಗೆ ಫೋನ್ ಹಚ್ಚಿದ್ರ ಹಬ್ಬದ ಸೂಟಿ, ಯಾರೂ ಎತ್ತವಲ್ರು."

"ಅದಕ್ಯಾಕ ಅಷ್ಟು ಗಾಬರಿ? ಕುಂದ್ರವ್ವ" ಎಂದು ಜಂಬದಿಂದಲೇ ಬ್ರೌಸರ್ ಒತ್ತಿದೆ.

ಪಟ್ಟಿ ಬರಲಿಲ್ಲ. ಬ್ರೌಸರ್ ನೇರವಾಗಿ ತೆರೆಯಿತು, ಈಗಷ್ಟೇ ಹಾಕಿಸಿದಂತೆ ಬೋಳಾಗಿ. ಇನ್ನೊಮ್ಮೆ ಮುಚ್ಚಿ ತೆಗೆದೆ. ಹಂಪಸಾಗರವೂ ಇಲ್ಲ, ಮೈಲಾರವೂ ಇಲ್ಲ.

ಹಿಂದಿನ ಕೋಣೆಯಲ್ಲಿ ಪೂಜೆಯ ತಟ್ಟೆ ತೊಳೆಯುತ್ತಿದ್ದ ನನ್ನ ಹೆಂಡತಿಯನ್ನು ಕೂಗಿದೆ. ಆಕೆ ಎಸ್ಸೆಸ್ಸೆಲ್ಸಿ ಓದಿದವಳು. ನಾನು ಮೋಟಾರಿನ ಕೆಲಸಕ್ಕೆ ಕೂತಾಗ ಅಂಗಡಿ ಆಕೆಯದೇ; ಊರಿನ ಪಟ್ಟಿಯ ಕೆಲಸ ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಊರಿನ ಪಟ್ಟಿ ಎಲ್ಲಿ ಹೋತು?"

"ಅದಾ? ತೆಗದೆ."

"ತೆಗದೆ ಅಂದ್ರ?"

"ಮಹಾನವಮಿಗೆ ಹೊರಗಷ್ಟ ತೊಳದ್ರ ಆತೇನ್ರಿ? ಒಳಗೂ ಕಸ ಹೊಡದೆ. ದಿನಾ ತೆಗದ ಕೂಡ್ಲೆ ಮಾರುದ್ದ ಪಟ್ಟಿ ಬರ್ತಿತ್ತು. ಮೊದಲಿಂದ ಇದ್ದ ಖಾಲೀದು ಒಂದ ಇಟ್ಟು ಉಳದಿದ್ದು ತೆಗದೆ. ಹೆಂಗ ಸ್ವಚ್ಛ ಆಗೈತಿ ನೋಡ್ರಿ."

"ಸ್ವಚ್ಛ ಆಗೈತಿ! ಹತ್ತೂರಿನ ಬೀಗದಕೈ ಗುಡಿಸಿ ಹೊರಗ ಒಗದೀಯಲ್ಲ ಮಾರಾಯ್ತಿ!"

"ಅದು ಬೀಗದಕೈ ಅಂತ ನನಗ ಯಾವಾಗ ಹೇಳೀರಿ? ಜಂಬ ಹೇಳತೀರಿ, ಕೆಲಸ ಹೇಳಂಗಿಲ್ಲ."

ಯಜಮಾನರು ಗೋಡೆಯ ಕ್ಯಾಲೆಂಡರು ನೋಡುವವರಂತೆ ಮುಖ ತಿರುಗಿಸಿದರು. ಮಗಳ ಮುಖ ಮಾತ್ರ ಬಿಳಿಚಿಕೊಂಡಿತ್ತು. ಪಾಸ್‌ವರ್ಡು ಮರೆತವರಿಗೆ ಇಮೇಲು ಕಂಪನಿಯವರು ಒಂದು ಗುಟ್ಟಿನ ಪ್ರಶ್ನೆ ಕೇಳುತ್ತಾರೆ. ಕೇಳಿದರು: ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು? ಎಮ್ಮೆಗೆ ಹೆಸರಿಡುವ ಮನೆಯಲ್ಲ ಅವರದು. ಇಮೇಲು ಮಾಡಿಕೊಡುವಾಗ ಆ ಜಾಗದಲ್ಲಿ ನಾನು ಏನು ಹೊಡೆದಿದ್ದೆನೋ ದೇವರೇ ಬಲ್ಲ. ನಾಲ್ಕಾರು ಸಲ ಊಹಿಸಿದೆವು. ಆಮೇಲೆ ಆ ಪ್ರಶ್ನೆಯ ದಾರಿ ಇವತ್ತಿಗೆ ಸಾಕು ಎಂದು ಬಾಗಿಲು ಹಾಕಿಕೊಂಡಿತು.

ಸುಟ್ಟ ಮೋಟಾರು ಬಂದಾಗ ನಾನು ಮೊದಲು ತಂತಿ ಕತ್ತರಿಸುವುದಿಲ್ಲ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿಕೊಳ್ಳುತ್ತೇನೆ. ಅದೇ ಅಭ್ಯಾಸದಿಂದ ಹೆಂಡತಿಯನ್ನು ಕೂರಿಸಿ, "ಸಿಟ್ಟಾಗಂಗಿಲ್ಲ. ತೆಗಿಯುವಾಗ ಏನೇನು ಒತ್ತಿದಿ, ಒಂದೊಂದ ಹೇಳು" ಎಂದೆ.

"ಊರಿನ ಹೆಸರು ಒತ್ತಿದೆ. ಡಿಲೀಟ್ ಒತ್ತಿದೆ. ಆಮ್ಯಾಲ ಅದು ಕೇಳ್ತು, ಫೈಲೂ ತೆಗೀಲೇನು, ಇರ್ಲೇನು ಅಂತ."

"ನೀ ಏನಂದಿ?"

"ಇರ್ಲಿ ಅಂದೆ. ಹೊರಗ ಕಾಣದಿದ್ರ ಸಾಕು. ಒಗಿಯಾಕ ಯಾಕ ಹೋಗ್ಲಿ? ನಮ್ಮನಿ ಅಟ್ಟ ನೋಡೀರಲ್ಲ."

ಅಟ್ಟ ನೋಡಿದ್ದೆ. ನಮ್ಮ ಮದುವೆಯಲ್ಲಿ ಬಂದ ತೂತುಬಿದ್ದ ಕೊಡ ಕೂಡ ಅಲ್ಲೇ ಇದೆ. ಎಷ್ಟು ಸಲ ಜಗಳವಾಡಿದ್ದೆ ಅದಕ್ಕೆ! ಆ ಕ್ಷಣ ಆಕೆಯ ಕಾಲು ಮುಟ್ಟುವುದೊಂದು ಬಾಕಿ. ಫೈಲು ಇದೆ ಎಂದರೆ ಪಾಸ್‌ವರ್ಡೂ ಇದೆ, ಈ ಪೆಟ್ಟಿಗೆಯೊಳಗೇ ಎಲ್ಲೋ.

ಎಲ್ಲಿ ಎಂಬುದು ನನಗೆ ಗೊತ್ತಿರಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಹುಡುಕಿದಾಗ ಆ ಬ್ರೌಸರಿನ ಸಹಾಯದ ಪುಟ ಸಿಕ್ಕಿತು. ಪುಟದ ತುಂಬ ಇಂಗ್ಲಿಷು. ಅಕ್ಷರ ಕೂಡಿಸಿ ಓದುವ ನನ್ನ ಇಂಗ್ಲಿಷಿಗೆ ಸಂಜೆಯಾದೀತು.

"ತಂಗಿ, ನೀ ಓದಿ ಹೇಳು, ನಾ ಮಾಡ್ತೀನಿ."

ಯಜಮಾನರ ಮಗಳು ಓದಿ ಕನ್ನಡದಲ್ಲಿ ಹೇಳಿದಳು, ನಾನು ಒತ್ತಿದೆ. ಬಚ್ಚಿಟ್ಟ ಫೋಲ್ಡರುಗಳು ಕಾಣುವಂತೆ ಮೊದಲು ಒಂದು ಗುರುತು ಹಾಕಬೇಕಿತ್ತು. ಹಾಕಿದ ಮೇಲೆ, ಅಲ್ಲಿಯವರೆಗೆ ಏನೂ ಇಲ್ಲದ ಜಾಗದಲ್ಲಿ ಮಾಸಿದ ಹಳದಿ ಬಣ್ಣದ ಫೋಲ್ಡರೊಂದು ಕಂಡಿತು. ಅದರೊಳಗೆ ಒಂದು, ಅದರೊಳಗೆ ಇನ್ನೊಂದು. ಕೊನೆಗೆ ಸಾಲಾಗಿ ವಿಚಿತ್ರ ಹೆಸರುಗಳು: ಮೊದಲು ಅರ್ಥವಿಲ್ಲದ ಒಂದಿಷ್ಟು ಅಕ್ಷರ, ಅಂಕಿ, ನಡುವೆ ಒಂದು ಚುಕ್ಕಿ, ಆಮೇಲೆ ಊರು. ಮೈಲಾರ ಇತ್ತು. ಹಿರೇಹಡಗಲಿ ಇತ್ತು.

"ನಮ್ಮೂರು!" ಎಂದು ಯಜಮಾನರು ಕೂಗಿಯೇಬಿಟ್ಟರು. ಇಂಗ್ಲಿಷಿನಲ್ಲಿ ಅವರಿಗೆ ಓದಲು ಬರುತ್ತಿದ್ದುದು ಬಸ್ಸಿನ ಬೋರ್ಡಿನ ಮೇಲಿರುವ ಆ ಒಂದು ಹೆಸರು.

"ಇನ್ನೂ ಮುಗದಿಲ್ರಿ ಅಣ್ಣಾರ" ಎಂದು ಮಗಳು ಓದುವುದನ್ನು ಮುಂದುವರಿಸಿದಳು. "ಹೊಸ ಪ್ರೊಫೈಲ್ ಮಾಡ್ರಿ. ಮಾಡುವಾಗ ಫೋಲ್ಡರ್ ಆರಿಸೋದು ಅಂತ ಒಂದು ಬಟನ್ ಐತಂತ. ಅಲ್ಲಿ ಹಳೇ ಫೋಲ್ಡರ್ ತೋರಿಸಬೇಕಂತ."

ಹಾಗೇ ಮಾಡಿದೆ. ಹಂಪಸಾಗರ ಎಂದು ಹೊಸ ಹೆಸರು ಕೊಟ್ಟು, ಹಳೆಯ ಫೋಲ್ಡರು ತೋರಿಸಿ, ಮುಗಿಸು ಎಂಬುದನ್ನು ಒತ್ತಿದೆ. ಬ್ರೌಸರ್ ತೆರೆಯಿತು. ಮೇಲಿನ ಪಟ್ಟಿಯಲ್ಲಿ ನಾನು ಕೂರಿಸಿದ್ದ ವಿಳಾಸಗಳು ಒಂದೂ ಬಿಡದೆ ಬಂದು ಕೂತಿದ್ದವು. ಮೇಲ್ ತೆಗೆದು ಆಕೆಯ ಹೆಸರಿನ ಮೊದಲ ಅಕ್ಷರ ಹೊಡೆದೆ. ಪೂರ್ತಿ ಹೆಸರು ಬಂತು. ಕೆಳಗಿನ ಖಾನೆಯಲ್ಲಿ ಕಪ್ಪು ಚುಕ್ಕಿಗಳು ತಾವಾಗಿಯೇ ತುಂಬಿಕೊಂಡವು.

ಪತ್ರ ಮೇಲಿನಿಂದ ಎರಡನೆಯದಾಗಿ ಇತ್ತು. ಪ್ರಿಂಟರಿಗೂ ಹೂವಿನ ಸರ ಹಾಕಿದ್ದೆವು. ಕಾಗದ ಒಂದು ಚೆಂಡುಹೂವನ್ನು ತಳ್ಳಿಕೊಂಡು ಹೊರಗೆ ಬಂತು. ಯಜಮಾನರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿ ಇದೆಯೆಂದು ಊದಿದರು.

"ನೋಡಿದ್ರೇನು?" ಎಂದಳು ನನ್ನ ಹೆಂಡತಿ ಅವರಿಗೆ. "ಇವರು ನನ್ನ ಅಟ್ಟಕ್ಕ ಬೈತಿದ್ರು."

ಇನ್ನೇನು ಎದ್ದು ಹೊರಡುತ್ತಾರೆ ಅಂದುಕೊಂಡೆ. ಮಗಳು ಏಳಲಿಲ್ಲ.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಈ ಪಾಸ್‌ವರ್ಡ್ ಬದಲಿ ಮಾಡಬೇಕ್ರಿ. ನಾನಽ ನೆನಪಿಟ್ಕೋತೀನಿ. ಕಂಪ್ಯೂಟರಿಗೆ ಬ್ಯಾಡ."

ಒಂದು ಕ್ಷಣ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಅಷ್ಟು ಒದ್ದಾಡಿ ಹುಡುಕಿ ಕೊಟ್ಟವನಿಗೆ ಇದೇನು ಎನಿಸಿತು. ಆದರೆ ಆಕೆಯ ಕಣ್ಣಿನಲ್ಲಿ ನನ್ನ ಮೇಲೆ ಅಪನಂಬಿಕೆ ಇರಲಿಲ್ಲ. ಬೆಳಿಗ್ಗೆಯಿಂದ ಆಕೆ ಅನುಭವಿಸಿದ್ದು ನನಗೂ ಗೊತ್ತಿತ್ತು. ತನ್ನ ಹೆಸರಿನ ಬಾಗಿಲ ಮುಂದೆ ತಾನೇ ಹೊರಗೆ ನಿಂತಿದ್ದಳು. ಬದಲಿಸುವ ಜಾಗ ತೋರಿಸಿ, ಕುರ್ಚಿ ಬಿಟ್ಟು, ಬೀದಿಯ ಕಡೆ ಮುಖ ಮಾಡಿ ನಿಂತೆ.

"ಅಪ್ಪಾ, ನೀನೂ ಆ ಕಡಿ ತಿರುಗು."

"ನಾ ಏನು ಓದ್ತೀನವ್ವ?"

"ಓದದಿದ್ರೂ ತಿರುಗು."

ನಾವಿಬ್ಬರು ಗಂಡಸರು ಬಾಗಿಲಲ್ಲಿ ನಿಂತು ಬಸ್ಸುಗಳನ್ನು ನೋಡಿದೆವು. ಹಿಂದೆ ಕೀಲಿಗಳ ಸದ್ದು ನಿಧಾನವಾಗಿ, ಗಟ್ಟಿಯಾಗಿ ಕೇಳುತ್ತಿತ್ತು.

ಆಕೆಗೆ ಆ ಕೆಲಸ ಸಿಕ್ಕಿತು. ದೀಪಾವಳಿ ಕಳೆದ ಮೇಲೆ ಊರಿಗೆ ಹೋಗುವ ದಾರಿಯಲ್ಲಿ ಒಂದು ದಿನ ಅಂಗಡಿಗೆ ಬಂದಳು. ನನ್ನ ಕೈ ತುಂಬ ಮೋಟಾರಿನ ತಂತಿಗೆ ಹಚ್ಚುವ ವಾರ್ನಿಶ್ ಇತ್ತು. ನನ್ನನ್ನು ಕರೆಯಲಿಲ್ಲ. ನನ್ನ ಹೆಂಡತಿಗೆ ನಕ್ಕು, ಗೋಡೆ ಪಕ್ಕದ ಖಾಲಿ ಕಂಪ್ಯೂಟರಿನ ಮುಂದೆ ಕೂತು, ತಾನೇ ಮೇಲ್ ತೆಗೆದು ತಾನೇ ಓದತೊಡಗಿದಳು. ಮೋಟಾರು ಒಯ್ಯಲು ಬಂದಿದ್ದ ರೈತರಿಗೆ ನಾನು ಒಳಗಿನಿಂದಲೇ ಆಕೆಯನ್ನು ತೋರಿಸಿ, "ಆ ಹುಡುಗಿ ನೋಡ್ರಿ, ನಮ್ಮ ಅಂಗಡಿಯಾಗ ಕಲತಾಕಿ" ಎಂದೆ.